ಸಿತಾರ್ ಫ್ಯೂಷನ್‌ನಲ್ಲಿ ರಾಗ ಉಳಿಯುತ್ತಾ?

ಪ್ರಶ್ನೆ: ಸಿತಾರ್ ಜೊತೆ ಡ್ರಮ್ಸು, ಕೀಬೋರ್ಡು, ಗಿಟಾರು ಸೇರಿಸಿದ ಆಲ್ಬಂಗಳನ್ನು ಜಾಸ್ತಿ ಕೇಳುತ್ತೇನೆ. ಇದರಲ್ಲಿ ನಿಜವಾಗಲೂ ರಾಗ ಅನ್ನೋದು ಇರುತ್ತಾ, ಇಲ್ಲಾ ಸುಮ್ನೆ ಸಿತಾರಿನ ಸದ್ದು ಮಾತ್ರಾನಾ?

ಉತ್ತರ: ಕೆಲವದರಲ್ಲಿ ಪೂರ್ತಿ ಇರುತ್ತದೆ. ಕೆಲವದರಲ್ಲಿ ಊದುಬತ್ತಿ ವಾಸನೆಯಷ್ಟು ಮಾತ್ರ. ಯಾವುದು ಯಾವ ಥರದ್ದು ಅಂತ ಕಿವಿಗೆ ಗೊತ್ತಾಗುವುದು ಹೇಗೆ ಅನ್ನುವುದನ್ನು ನಾನು ಓದಿ ಕಲಿತಿದ್ದಲ್ಲ, ದಾವಣಗೆರೆಯಲ್ಲಿ ನಮ್ಮ ಓಣಿಯ ಗಣೇಶನ ಪೆಂಡಾಲಿನಲ್ಲಿ ಮಾನ ಕಳಕೊಂಡು ಕಲಿತಿದ್ದು.

ಆಗ ನಾನು ಸಿತಾರ್ ಶುರು ಮಾಡಿ ಎರಡು ವರ್ಷ. ಎಡಗೈ ತೋರುಬೆರಳಿನ ತುದಿಯಲ್ಲಿ ತಂತಿ ಕೊರೆದು ಕಪ್ಪು ಗೆರೆ ಬಿದ್ದಿತ್ತು, ಅದನ್ನೇ ಪದವಿ ಥರ ಎಲ್ಲರಿಗೂ ತೋರಿಸಿಕೊಂಡು ಓಡಾಡುತ್ತಿದ್ದೆ. ಒಬ್ಬ ಗೆಳೆಯನದು ಕೀಬೋರ್ಡು, ಇನ್ನೊಬ್ಬನದು ರಿದಂ ಪ್ಯಾಡು. ಮೂವರೂ ಸೇರಿ ಯಮನ್ ರಾಗದ ಫ್ಯೂಷನ್ ಮಾಡೋಣ ಅಂತ ತೀರ್ಮಾನ. ಮನೆಯಲ್ಲಿ ತಂಬೂರಿ ಹಾಕಿಕೊಂಡು ಒಬ್ಬನೇ ನುಡಿಸಿದಾಗ ಚೆನ್ನಾಗಿಯೇ ಬಂದಿತ್ತು. ಪೆಂಡಾಲಿನಲ್ಲಿ ಗೆಳೆಯ ಎರಡೂ ಕೈ ಊರಿ ಕಾರ್ಡ್, ಅಂದರೆ ಮೂರು ನಾಲ್ಕು ಸ್ವರ ಒಟ್ಟಿಗೆ, ನುಡಿಸಲು ಶುರು ಮಾಡಿದ ನೋಡಿ, ನನ್ನ ಗಾಂಧಾರ (ಸರಿಗಮದ ಗ) ಅಪಸ್ವರದ ಹಾಗೆ ಕೇಳತೊಡಗಿತು. ಲೈಟಿನ ಬಿಸಿಗೆ ತಂತಿ ಇಳಿದಿರಬೇಕು ಅಂದುಕೊಂಡು ನಡುನಡುವೆ ತಂತಿ ಬಿಗಿಮಾಡುವ ಬಿರಡೆ ತಿರುವಿದೆ. ಇನ್ನೂ ಕೆಟ್ಟಿತು.

ಮುಂದಿನ ಸಾಲಿನ ಕುರ್ಚಿಯಲ್ಲಿ ಹಿರಿಯರೊಬ್ಬರು ಕೂತಿದ್ದರು, ಧಾರವಾಡದ ಕಡೆ ಕಛೇರಿ ಕೇಳಿಕೊಂಡು ಬೆಳೆದವರು. ಮುಗಿದ ಮೇಲೆ ಹತ್ತಿರ ಕರೆದರು. "ಚಲೋ ಆತು ತಮ್ಮಾ. ಅದು ಸರಿ, ಸಿತಾರ್ ಯಾವಾಗ ಶುರು ಮಾಡ್ತಿ?"

ತಂತಿಯ ತಪ್ಪು ಏನೂ ಇರಲಿಲ್ಲ. ಕೀಬೋರ್ಡಿನಲ್ಲಿ ಒಂದು ಸ್ಥಾಯಿಯನ್ನು, ಅಂದರೆ ಒಂದು ಸಾ ಇಂದ ಮುಂದಿನ ಸಾ ತನಕದ ದೂರವನ್ನು, 12 ಸಮಪಾಲು ಮಾಡಿರುತ್ತಾರೆ. ಹಾಗಾಗಿ ಅದರ ಗಾಂಧಾರ ತಂಬೂರಿಯಿಂದ ತಾನಾಗಿ ಹೊಮ್ಮುವ ಗಾಂಧಾರಕ್ಕಿಂತ ಚೂರು ಏರಿರುತ್ತದೆ. ಸ್ವರಗಳ ಅಂತರ ಅಳೆಯುವ ಸೆಂಟ್ ಲೆಕ್ಕದಲ್ಲಿ, ಸಾ ಇಂದ ಎಣಿಸಿ ಹೇಳುವುದಾದರೆ ತಂಬೂರಿಯದು ಸುಮಾರು 386, ಕೀಬೋರ್ಡಿನದು 400. ಕೇಳಲು ಸಣ್ಣ ವ್ಯತ್ಯಾಸ ಅನ್ನಿಸಬಹುದು, ಆದರೆ ಸಿತಾರಿನಲ್ಲಿ ಮೇಲಿನ ತಂತಿಗಳ ಕೆಳಗೆ 11ರಿಂದ 13 ತರಬ್ ತಂತಿಗಳಿರುತ್ತವೆ, ಅವನ್ನು ಯಾರೂ ಮುಟ್ಟದಿದ್ದರೂ ತಮ್ಮ ಸ್ವರ ಬಂದ ಕೂಡಲೇ ಮಿಡಿಯುತ್ತವೆ, ಅಲ್ಲಿ ಒಂದು ಗಾಂಧಾರ, ಪಕ್ಕದ ಸ್ಪೀಕರಿನಲ್ಲಿ ಇನ್ನೊಂದು ಗಾಂಧಾರ ಅಂದರೆ ಒಂದೇ ಮನೆಯಲ್ಲಿ ಎರಡು ಗಡಿಯಾರ ಹೊಡೆದ ಹಾಗೆ. ಸಿತಾರಿನ ಮೆಟ್ಟಿಲುಗಳನ್ನು, ಅಂದರೆ ಬೆರಳಿಡುವ ಲೋಹದ ಪಟ್ಟಿಗಳನ್ನು, ದಾರದಲ್ಲಿ ಕಟ್ಟಿರುತ್ತಾರೆ. ಬೇಕಾದರೆ ಜರುಗಿಸಿ ಹೊಂದಿಸಬಹುದು. ಕೀಬೋರ್ಡಿನ ಮಣೆ ಜರುಗಿಸಲು ಬರುತ್ತಾ?

ಇದಕ್ಕಿಂತ ದೊಡ್ಡ ತೊಡಕು ಕಾರ್ಡಿನದು. ರಾಗದಲ್ಲಿ ಷಡ್ಜ, ಅಂದರೆ ಸಾ, ಅಲ್ಲಾಡುವುದಿಲ್ಲ. ತಂಬೂರಿ ಅದನ್ನು ಹಿಡಿದುಕೊಂಡೇ ಇರುತ್ತದೆ, ಅದನ್ನು ನೋಡಿಕೊಂಡೇ ಉಳಿದ ಸ್ವರಗಳಿಗೆ ಬೆಲೆ. ಕಾರ್ಡ್ ಬದಲಾದಾಗ ಕೆಳಗಿನ ಆಧಾರವೇ ಸರಿಯುತ್ತದೆ. ನಾನು ಹಿಡಿದಿದ್ದು ಅದೇ ಗಾಂಧಾರ, ಆದರೆ ಒಂದು ಕ್ಷಣ ಸಮಾಧಾನದ್ದು, ಮರುಕ್ಷಣ ಕಿರಿಕಿರಿಯದ್ದು. ಪಾಶ್ಚಾತ್ಯ ಸಂಗೀತದ ಸೊಗಸೇ ಈ ಸರಿದಾಟದಲ್ಲಿದೆ. ರಾಗಕ್ಕೆ ಮಾತ್ರ ಅದು ಒಗ್ಗುವುದು ಕಷ್ಟ.

ಈಗ ಆಲ್ಬಂಗಳಿಗೆ ಬರೋಣ. ಸಿತಾರಿನ ರವಿಶಂಕರ್ ಮತ್ತು ಪಿಟೀಲಿನ ಯೆಹೂದಿ ಮೆನುಹಿನ್ ಸೇರಿ 1967ರಲ್ಲಿ ತಂದ 'ವೆಸ್ಟ್ ಮೀಟ್ಸ್ ಈಸ್ಟ್' ಎಲ್ಲರ ಬಾಯಲ್ಲೂ ಬರುತ್ತದೆ. ತಮಾಷೆ ಅಂದರೆ, ಆ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿನ ತುಂಬ ಇರುವುದು ಯುರೋಪಿನ ಪಿಟೀಲು-ಪಿಯಾನೋ ಕೃತಿ. ಇನ್ನೊಂದು ಮಗ್ಗುಲಲ್ಲಿ ಪೂರಿಯಾ ಕಲ್ಯಾಣ್ ರಾಗ ಬರೀ ಸಿತಾರಿನದು. 'ಪ್ರಭಾತಿ'ಯಲ್ಲಿ ಗುಣಕಲಿ ರಾಗ ನುಡಿಸುವುದು ಪಿಟೀಲು, ಜೊತೆಗೆ ತಬಲಾ. ಇಬ್ಬರೂ ಎದುರುಬದುರು ಕೂತು ನುಡಿಸಿದ್ದು 'ಸ್ವರ ಕಾಕಲಿ' ಒಂದರಲ್ಲೇ, ಅದು ತಿಲಂಗ್ ರಾಗದ್ದು. ಕಾರ್ಡಿನ ಗೊಡವೆಯೇ ಇಲ್ಲ. ಪಿಟೀಲೇ ರಾಗದ ಮನೆಗೆ ಬಂದು ಕೂತಿದೆ. ಅದಕ್ಕೇ ಅಲ್ಲಿ ರಾಗ ಉಳಿದಿದೆ ಅಂತ ನನ್ನ ಲೆಕ್ಕ.

ರವಿಶಂಕರರ ಅಣ್ಣ ಉದಯಶಂಕರರ ಮಗ ಆನಂದಶಂಕರ್ ಹಿಡಿದ ದಾರಿ ಬೇರೆ. 1970ರ ಆಲ್ಬಂನಲ್ಲಿ ರೋಲಿಂಗ್ ಸ್ಟೋನ್ಸ್ ಅನ್ನುವ ರಾಕ್ ತಂಡದ ಹಾಡನ್ನೇ ಸಿತಾರಿನಲ್ಲಿ ಬಾರಿಸಿದ್ದಾರೆ, ಜೊತೆಗೆ ಮೂಗ್ ಸಿಂಥಸೈಜರ್. ಸಂಜೆ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದ ಹಾಗೆ ಖುಷಿ ಕೊಡುತ್ತದೆ. ಅದರಲ್ಲಿ ರಾಗ ಹುಡುಕಬೇಡಿ, ಅವರೂ ಅದಕ್ಕೆ ಹೊರಟವರಲ್ಲ.

ಅಮೆರಿಕದ ಸಂಗೀತ ರಚನೆಕಾರ ಫಿಲಿಪ್ ಗ್ಲಾಸ್ ಜೊತೆ ರವಿಶಂಕರ್ ಮಾಡಿದ 'ಪ್ಯಾಸೇಜಸ್' (1990) ವಾದ್ಯವೃಂದದ ಕೆಲಸ. ಒಬ್ಬರು ಕೊಟ್ಟ ಎಳೆಯನ್ನು ಇನ್ನೊಬ್ಬರು ಬೆಳೆಸಿದ್ದು. ಒಂದರ ಹೆಸರೇ 'ಸಾಧನಿಪ', ಸ್ವರಗಳನ್ನೇ ಕೂಡಿಸಿ ಇಟ್ಟದ್ದು. ಒಳ್ಳೆಯದೇ, ಆದರೆ ಸಿತಾರಿನ ಆಸೆಯಿಂದ ಹೋದವರಿಗೆ ಹೊಟ್ಟೆ ತುಂಬುವುದಿಲ್ಲ.

ನನಗೆ ತುಂಬ ಹಿಡಿಸಿದ್ದು ರವಿಶಂಕರರ ಮಗಳು ಅನುಷ್ಕಾ ಶಂಕರ್ ಅವರ 2011ರ 'ಟ್ರಾವೆಲರ್'. ಸ್ಪೇನಿನ ಫ್ಲಾಮೆಂಕೊ ಜೊತೆ ಸಿತಾರ್. ಆ ಸಂಗೀತದ ಬುಲೇರಿಯಾ ಅನ್ನುವ ಬಗೆಗೆ 12 ಎಣಿಕೆಯ ಸುತ್ತು ಇದೆ, ನಮ್ಮ ಹಿಂದೂಸ್ತಾನಿಯ ಏಕತಾಲಕ್ಕೂ 12 ಮಾತ್ರೆ, ಅಂದರೆ 12 ಎಣಿಕೆ. ಒತ್ತು ಬೀಳುವ ಜಾಗ ಬೇರೆ, ಆದರೆ ಸುತ್ತಿ ಬಂದು ಒಂದು ಕಡೆ ಸೇರಬೇಕು ಅನ್ನುವ ಹಟ ಎರಡಕ್ಕೂ ಇದೆ. ಅಲ್ಲಿನ ಹಾಡುಗಾರರೂ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು, ಅಲುಗಿಸಿಕೊಂಡು ಹೋಗುತ್ತಾರೆ. ಹೀಗಾಗಿ ಸಿತಾರ್ ತನ್ನ ಮೀಂಡ್, ಅಂದರೆ ತಂತಿ ಎಳೆದು ಸ್ವರ ಜಾರಿಸುವುದನ್ನು, ಬಿಟ್ಟುಕೊಡಬೇಕಾದ ಪ್ರಮೇಯ ಬರುವುದಿಲ್ಲ.

ಮೀಂಡ್ ಅಂದೆನಲ್ಲ, ನೀವು ಕಿವಿಗೊಡಬೇಕಾದದ್ದು ಅದಕ್ಕೇ. ಒಂದು ಮೆಟ್ಟಿಲಿನ ಮೇಲೆ ಬೆರಳಿಟ್ಟು ತಂತಿಯನ್ನು ಪಕ್ಕಕ್ಕೆ ಎಳೆಯುತ್ತಾ ಸಾ ಇಂದ ಪ ತನಕ ಹೋಗಬಹುದು. ನನ್ನ ಬೆರಳಿನ ಗೆರೆ ಬಿದ್ದಿದ್ದು ಅದರಿಂದಲೇ. ಒಂದು ಎಳೆತಕ್ಕೆ ಸಮಯ ಬೇಕು, ಸುತ್ತ ಖಾಲಿ ಜಾಗ ಬೇಕು. ಧಡಧಡ ಅಂತ ಡ್ರಮ್ಸ್ ಬೀಟ್ ಓಡುವಾಗ ಸಿತಾರಿಗೆ ಉಳಿಯುವುದು ಟಿಣ್ ಟಿಣ್ ಅಂತ ಕುಟ್ಟುವ ಕೆಲಸ ಮಾತ್ರ. ಎಷ್ಟೋ ಹಳೆಯ ಪಾಪ್ ಹಾಡುಗಳಲ್ಲಿ ನೀವು ಸಿತಾರ್ ಅಂದುಕೊಂಡದ್ದು ಸಿತಾರೇ ಅಲ್ಲ. 1960ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಬಂದ ಎಲೆಕ್ಟ್ರಿಕ್ ಸಿತಾರ್ ಅದು, ಝೇಂಕರಿಸುವ ಕುದುರೆ (ತಂತಿಗಳು ಕೂರುವ ಪಟ್ಟಿ) ಕೂರಿಸಿದ ಗಿಟಾರ್. ಅದರ ಮೇಲೆ ಇಷ್ಟು ದೂರ ಎಳೆಯಲು ಆಗುವುದಿಲ್ಲ.

ಎಲ್ಲಿಂದ ಶುರು ಮಾಡಲಿ ಅಂದರೆ, ಮೊದಲು 'ಸ್ವರ ಕಾಕಲಿ', ಆಮೇಲೆ ಯಾರದಾದರೂ ಶುದ್ಧ ತಿಲಂಗ್, ಆಮೇಲೆ 'ಟ್ರಾವೆಲರ್'. ಬೈಕಿನಲ್ಲಿ ಹೋಗುತ್ತಾ ಬೇಡ. ಇನ್ನು, ಫ್ಯೂಷನ್ ಇಲ್ಲದ ಸಿತಾರ್ ಕೇಳಲು ನಾವು ದೂರ ಹೋಗಬೇಕಿಲ್ಲ: ಸಿತಾರ್ ರತ್ನ ರಹಿಮತ್ ಖಾನರು ಧಾರವಾಡದಲ್ಲೇ ನೆಲೆಸಿ ಒಂದು ಪರಂಪರೆ ಕಟ್ಟಿದರು, ಅವರ ಮೊಮ್ಮಗ ಉಸ್ತಾದ್ ಬಾಲೇಖಾನರ ರೆಕಾರ್ಡಿಂಗ್ ಹುಡುಕಿ ನೋಡಿ.

ಅಂದ ಹಾಗೆ, ಮರುವರ್ಷ ಅದೇ ಪೆಂಡಾಲಿನಲ್ಲಿ ನಾವು ಮತ್ತೆ ಕೂತೆವು. ಈ ಸಲ ಗೆಳೆಯನಿಗೆ ಎರಡೇ ಮಣೆ, ಸಾ ಮತ್ತು ಪ. ಹಿರಿಯರು ಕೊನೆವರೆಗೂ ಎದ್ದು ಹೋಗಲಿಲ್ಲ. ಗೆಳೆಯ ಮಾತ್ರ ಇವತ್ತಿಗೂ ಬೈಯುತ್ತಾನೆ: "ಎರಡು ಮಣೆ ಒತ್ತೋಕೆ ನಾನ್ಯಾಕಲೇ ಬೇಕಿತ್ತು, ಎರಡು ಇಟ್ಟಿಗೆ ಇಟ್ಟಿದ್ರೆ ಸಾಕಿತ್ತಲ್ಲ!"