ಮಗುವಿನ ಮೀನಖಂಡಕ್ಕೆ ಟೇಪು ಹಿಡಿಯುವ ಲೆಕ್ಕ

ಮಕ್ಕಳ ಕೈಕಾಲಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟಲು ಬಹುತೇಕ ಕಾರಣ ಐಸಿಯುನಲ್ಲಿ ಹಾಕಿದ ಸೆಂಟ್ರಲ್ ಲೈನ್, ಅಂದರೆ ದೊಡ್ಡ ಅಭಿಧಮನಿಯೊಳಗೆ ಇಡುವ ನಳಿಕೆ. ಹೆಪ್ಪು ಬೆಳೆಯದಂತೆ ತಡೆಯುವ ಹೆಪರಿನ್ ಕೊಟ್ಟ ಮೇಲೆ ಊತ ಇಳಿದು ಮಗು ಮನೆಗೆ ಹೋಗುತ್ತದೆ. ಆದರೆ ಹೆಪ್ಪು ಕರಗಿದ ಮಾತ್ರಕ್ಕೆ ನಾಳ ಮೊದಲಿನಂತಾಯಿತು ಎನ್ನಲಾಗದು. ಮೇಲೇರುವ ರಕ್ತ ಹಿಂದಕ್ಕೆ ಜಾರದಂತೆ ತಡೆಯುವ ಪುಟ್ಟ ಕವಾಟಗಳು ಹಾಳಾಗಿದ್ದರೆ, ಇಲ್ಲವೇ ನಾಳ ಅರ್ಧ ಮುಚ್ಚಿಕೊಂಡಿದ್ದರೆ, ಒತ್ತಡ ಕೆಳಗೇ ನಿಲ್ಲುತ್ತದೆ. ಸಂಜೆಗೆ ಕಾಲು ಭಾರ, ಊತ, ಚರ್ಮದಡಿ ಎದ್ದು ಕಾಣುವ ಅಡ್ಡನಾಳಗಳು, ಮುಂದೆ ಕಪ್ಪು ಕಲೆ, ಅಪರೂಪಕ್ಕೆ ಹುಣ್ಣು. ಇದಕ್ಕೆ ಪೋಸ್ಟ್ ಥ್ರಾಂಬೋಟಿಕ್ ಸಿಂಡ್ರೋಮ್ ಎನ್ನುತ್ತಾರೆ.

ದೊಡ್ಡವರಿಗಾದರೆ ಇದು ಎಷ್ಟಿದೆ ಎಂದು ಅಳೆಯಲು ವಿಲ್ಲಾಲ್ಟಾ ಅಂಕಪಟ್ಟಿ ಇದೆ. ನೋವು, ಸೆಳೆತ, ಭಾರ, ಜೋಮು, ತುರಿಕೆ ಎಂದು ರೋಗಿಯನ್ನೇ ಕೇಳಿ ಅಂಕ ಹಾಕುತ್ತಾರೆ. ಎರಡು ವರ್ಷದ ಕೂಸಿಗೆ ಜೋಮು ಎಂದರೆ ಏನು ಗೊತ್ತು? ಹಾಗಾಗಿ ಮಕ್ಕಳ ಪರಿಷ್ಕೃತ ಪಟ್ಟಿಯಲ್ಲಿ ನೋವಿನ ಜೊತೆಗೆ ಕೈಕಾಲನ್ನು ಸರಿಯಾಗಿ ಬಳಸುತ್ತಿದೆಯೇ ಎಂಬುದೂ ಸೇರಿದೆ. ಮಕ್ಕಳ ಇನ್ನೊಂದು ಅಳತೆಯಾದ ಮ್ಯಾಂಕೋ-ಜಾನ್ಸನ್ ವಿಧಾನದಲ್ಲಿ ನಗುವ, ಅಳುವ ಮುಖಗಳ ಚಿತ್ರ ತೋರಿಸಿ, ಸುಮ್ಮನಿದ್ದಾಗ ಎಷ್ಟು ನೋವು, ಆಡಿದಾಗ ಎಷ್ಟು ಎಂದು ಬೇರೆಬೇರೆಯಾಗಿ ಕೇಳುತ್ತಾರೆ.

ಊತ ಎಷ್ಟೆಂದು ತಿಳಿಯಲು ಎರಡೂ ಮೀನಖಂಡಗಳ ಸುತ್ತಳತೆ ಹೋಲಿಸುತ್ತಾರೆ; ಎಡವಟ್ಟಾಗುವುದು ಹೆಚ್ಚಾಗಿ ಈ ಟೇಪಿನಲ್ಲಿ. ಎರಡೂ ಕಾಲಲ್ಲಿ ಮಂಡಿಚಿಪ್ಪಿನ ಕೆಳ ಅಂಚಿನಿಂದ ಒಂದೇ ದೂರಕ್ಕೆ ಪೆನ್ನಿನಿಂದ ಗುರುತು ಹಾಕಬೇಕು. ಟೇಪು ಚರ್ಮಕ್ಕೆ ತಾಗಬೇಕು, ಒತ್ತಬಾರದು. ಆ ದೂರವನ್ನೂ ಅಳೆದ ಹೊತ್ತನ್ನೂ ಬರೆದಿಡದಿದ್ದರೆ ಮುಂದಿನ ಸಲದ ಅಳತೆಗೆ ಬೆಲೆಯಿಲ್ಲ. ಬೆಳಿಗ್ಗೆಯ ಕಾಲೇ ಬೇರೆ, ಸಂಜೆಯ ಕಾಲೇ ಬೇರೆ. ಪರಿಷ್ಕೃತ ಪಟ್ಟಿಯ ಪ್ರಕಾರ ಸುತ್ತಳತೆಯಲ್ಲಿ 3%ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಅಂಕ. 33 ಸೆಂ.ಮೀ. ಮೀನಖಂಡದ ಹುಡುಗನಿಗೆ ಅದು ಸುಮಾರು 1 ಸೆಂ.ಮೀ.; 13 ಸೆಂ.ಮೀ. ಇರುವ ಕೂಸಿಗೆ 4 ಮಿ.ಮೀ. ಕೂಡ ಇಲ್ಲ. ಟೇಪು ತುಸು ಓರೆಯಾದರೆ ಅಷ್ಟು ತಪ್ಪು ಸಹಜ. ಬಲಗೈ ರೂಢಿಯವರಿಗೆ ಬಲಗೈ ಮೊದಲೇ ತುಸು ದಪ್ಪ. ಈ ಪಟ್ಟಿಯಲ್ಲಿ 1 ಅಂಕ ಬಂದರೂ 'ಸೌಮ್ಯ' ಎಂದೇ ದಾಖಲಾಗುವುದರಿಂದ, ಆರೋಗ್ಯವಾಗಿರುವ ಮಗುವಿಗೂ ರೋಗದ ಹಣೆಪಟ್ಟಿ ಬೀಳಬಹುದು. ಎರಡೂ ಕಾಲಲ್ಲಿ ಹೆಪ್ಪುಗಟ್ಟಿದ್ದರಂತೂ ಹೋಲಿಸಲು ಸರಿಯಾದ ಕಾಲೇ ಇರುವುದಿಲ್ಲ.

ಮೊದಲ ಮೂರು ತಿಂಗಳೊಳಗೆ ಅಂಕ ಹಾಕುವುದು ವ್ಯರ್ಥ, ಹಳೆಯ ಊತವೇ ಇನ್ನೂ ಇರುತ್ತದೆ. ಆರು ತಿಂಗಳಿಗೆ ನೋಡಿ, ಆಮೇಲೆ ಮಗು ಬೆಳೆದಂತೆ ಮತ್ತೆ ಮತ್ತೆ ನೋಡಬೇಕು. ಡಾಪ್ಲರ್ ಸ್ಕ್ಯಾನ್ ನಾಳ ಹೇಗಿದೆ ಎಂದು ತೋರಿಸುತ್ತದೆಯೇ ಹೊರತು ಮಗುವಿಗೆ ಎಷ್ಟು ತೊಂದರೆ ಎಂದು ಹೇಳದು. ಅದನ್ನು ಅಮ್ಮನ ಹತ್ತಿರ ಕೇಳಬೇಕು: ಒಂದೇ ಕಾಲಿನ ಶೂ ಬಿಗಿಯಾಗುತ್ತಾ? ಸಾಕ್ಸ್ ತೆಗೆದಾಗ ಒಂದೇ ಕಡೆ ಅಚ್ಚು ಆಳವಾಗಿ ಬೀಳುತ್ತಾ? ಓಡ್ತಾ ಓಡ್ತಾ ಮಧ್ಯೆ ಕೂತುಬಿಡ್ತಾನಾ?

ಹೃದಯದ ಪರೀಕ್ಷೆಗೆಂದು ತೊಡೆಸಂದಿಯ ಅಪಧಮನಿಯಿಂದ ನಳಿಕೆ ತೂರಿಸಿದ ಮಗುವಾದರೆ ಲೆಕ್ಕವೇ ತಿರುಗುಮುರುಗು. ಅಪಧಮನಿ ಮುಚ್ಚಿ ರಕ್ತ ಕಡಿಮೆಯಾದ ಕಾಲು ಕುಂಠಿತವಾಗಿ ಸಣ್ಣಗಾಗಬಹುದು. ಟೇಪು ಹಿಡಿದವರಿಗೆ ಸರಿಯಿರುವ ಕಾಲೇ ಊದಿದಂತೆ ಕಾಣುತ್ತದೆ. ಅಲ್ಲಿ ಸೊಂಟದ ಮುಂಚಾಚಿದ ಮೂಳೆಯಿಂದ ಪಾದದ ಕೀಲಿನ ಒಳಬದಿಯ ಮೂಳೆಗಂಟಿನವರೆಗಿನ ಉದ್ದವನ್ನೂ ಅಳೆಯಬೇಕು, ಪಾದದ ನಾಡಿಯನ್ನು ಎರಡೂ ಕಡೆ ಮುಟ್ಟಿ ನೋಡಬೇಕು.