ಇಳಿಯಲು ಅಂಗಳ ಸಾಕು, ಏರಲು ಬಯಲು ಬೇಕು

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಅಂಚಿನಲ್ಲಿ ಬರ್ಡ್ಸ್‌ವಿಲ್ ಎಂಬ ಪುಟ್ಟ ಊರಿದೆ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 35 ಕಿಲೋಮೀಟರ್ ಹೋದರೆ ಕೆಂಪು ಮರಳಿನ ದಿಬ್ಬವೊಂದು ಅಡ್ಡ ನಿಲ್ಲುತ್ತದೆ. ಹೆಸರು ಬಿಗ್ ರೆಡ್, ಎತ್ತರ ಸುಮಾರು 40 ಮೀಟರ್. ಏದುಸಿರು ಬಿಡುತ್ತಾ ಅದನ್ನು ಹತ್ತಿ ಇಳಿದರೆ ಆಚೆಗೆ ಇನ್ನೊಂದು ದಿಬ್ಬ, ಅದರಾಚೆ ಮತ್ತೊಂದು. ಹೀಗೆ 1,100ಕ್ಕೂ ಹೆಚ್ಚು ದಿಬ್ಬಗಳು ನೇಗಿಲ ಸಾಲಿನಂತೆ ಒಂದರ ಪಕ್ಕ ಒಂದು ಮಲಗಿರುವ ಜಾಗ ಸಿಂಪ್ಸನ್ ಮರುಭೂಮಿ. ಕೆಲವು ದಿಬ್ಬಗಳು 200 ಕಿಲೋಮೀಟರ್‌ವರೆಗೂ ಕಡಿಯದೆ ಸಾಗುತ್ತವೆ. ಅವುಗಳಿಗೆ ಅಡ್ಡಡ್ಡವಾಗಿ ಜೀಪಿನಲ್ಲಿ ದಾಟುವವರು ಮೂರು ನಾಲ್ಕು ದಿನ ತೆಗೆದುಕೊಳ್ಳುತ್ತಾರೆ. ಅದೇ ಬರ್ಡ್ಸ್‌ವಿಲ್‌ನಿಂದ ಆಚೆ ದಡದ ಮೌಂಟ್ ಡೇರ್‌ಗೆ ಜೈರೋಪ್ಲೇನ್ ಎಂಬ ಪುಟ್ಟ ಹಾರುವ ಯಂತ್ರದಲ್ಲಿ ನೇರ ಹಾರಿದರೆ ಸುಮಾರು 410 ಕಿಲೋಮೀಟರ್, ಮೂರು ಗಂಟೆ ಚಿಲ್ಲರೆ.

ಮೂರು ಗಂಟೆ ಎಂದಾಗ ಬೆಂಗಳೂರಿನಿಂದ ಮೈಸೂರಿಗೆ ಹೋಗಿಬಂದಷ್ಟೇ ಸಲೀಸು ಅನ್ನಿಸಿಬಿಡುತ್ತದೆ. ಆದರೆ ಈ ಯಂತ್ರ ಮರುಭೂಮಿಯಲ್ಲಿ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂಬುದು ಗಡಿಯಾರ ನೋಡಿ ತಿಳಿಯುವ ಸಂಗತಿಯಲ್ಲ.

ನೋಡಲು ಜೈರೋಪ್ಲೇನ್ ಹೆಲಿಕಾಪ್ಟರಿನ ತಮ್ಮನ ಹಾಗಿರುತ್ತದೆ. ಕೆಲಸ ಮಾಡುವ ರೀತಿ ಮಾತ್ರ ಉಲ್ಟಾ. ಹೆಲಿಕಾಪ್ಟರಿನಲ್ಲಿ ಎಂಜಿನ್ನೇ ತಲೆಯ ಮೇಲಿನ ಅಲಗುಗಳ ಚಕ್ರವನ್ನು, ಅಂದರೆ ರೋಟರನ್ನು, ತಿರುಗಿಸಿ ಗಾಳಿಯನ್ನು ಕೆಳಕ್ಕೆ ದಬ್ಬುತ್ತದೆ. ಜೈರೋಪ್ಲೇನ್ ಹಾರುತ್ತಿರುವಾಗ ಎಂಜಿನ್ನಿಗೂ ರೋಟರಿಗೂ ಕೊಂಡಿಯೇ ಇರುವುದಿಲ್ಲ. ಪೈಲಟ್ಟಿನ ಬೆನ್ನ ಹಿಂದಿನ ಎಂಜಿನ್ ಪ್ರೊಪೆಲರ್ ತಿರುಗಿಸಿ ಯಂತ್ರವನ್ನು ಮುಂದಕ್ಕೆ ನೂಕುತ್ತದೆ, ಅಷ್ಟೆ. ರೋಟರು ಕೊಂಚ ಹಿಂದಕ್ಕೆ ವಾಲಿಕೊಂಡಿರುವುದರಿಂದ ಎದುರುಗಾಳಿ ಅದರ ಕೆಳಗಿನಿಂದ ಮೇಲಕ್ಕೆ ತೂರಿಹೋಗುತ್ತದೆ, ಆ ಹರಿವಿನಲ್ಲಿ ಅಲಗುಗಳು ತಾವಾಗಿಯೇ ಸುತ್ತುತ್ತವೆ. ಬೇಸಿಗೆಯಲ್ಲಿ ಬೆಂಗಳೂರಿನ ರಸ್ತೆಗಳಲ್ಲಿ ಮಹಾಗನಿ ಬೀಜ ಗಿರಗಿರನೆ ಸುತ್ತುತ್ತಾ ನಿಧಾನಕ್ಕೆ ಇಳಿಯುವುದನ್ನು ಕಂಡವರಿಗೆ ಇದರ ಮೂಲತತ್ವ ಆಗಲೇ ಗೊತ್ತಿದೆ. ಬೀಜಕ್ಕೆ ಎಂಜಿನ್ ಇಲ್ಲ. ಕೆಳಗಿನಿಂದ ಬರುವ ಗಾಳಿಯೇ ಅದನ್ನು ತಿರುಗಿಸಿ, ತಿರುಗಿದ್ದರಿಂದಲೇ ಎತ್ತಿಹಿಡಿಯುತ್ತದೆ. ಜೈರೋಪ್ಲೇನಿನ ಅಲಗಿನಲ್ಲೂ ಹೀಗೆ ಕೆಲಸ ಹಂಚಿಕೆಯಾಗಿದೆ: ನಡುಭಾಗ ಗಾಳಿಯಿಂದ ಶಕ್ತಿ ಪಡೆದು ಸುತ್ತಿಸುತ್ತದೆ, ತುದಿಯ ಭಾಗ ಆ ಶಕ್ತಿಯನ್ನು ಖರ್ಚು ಮಾಡಿ ಮೇಲೆತ್ತುತ್ತದೆ.

ಇದನ್ನು ಸಾಧಿಸಿದವನು ಸ್ಪೇನಿನ ಹ್ವಾನ್ ದೆ ಲಾ ಸಿಯೆರ್ವಾ. 1919ರಲ್ಲಿ ಅವನು ಕಟ್ಟಿದ ಮೂರು ಎಂಜಿನ್ನಿನ ವಿಮಾನವೊಂದು ವೇಗ ಕಳೆದುಕೊಂಡು ಬಿದ್ದುಹೋಯಿತು. ನಿಧಾನವಾದರೂ ಬೀಳದ ಯಂತ್ರ ಬೇಕು ಎಂದು ಅವನು ಹಟ ಹಿಡಿದ. ಮೊದಲ ಮಾದರಿಗಳು ಪಕ್ಕಕ್ಕೆ ಮಗುಚಿಕೊಂಡವು. ಕಾರಣ, ಮುಂದಕ್ಕೆ ಬೀಸುವ ಅಲಗಿಗೆ ಗಾಳಿಯ ವೇಗ ಹೆಚ್ಚು, ಹಿಂದಕ್ಕೆ ಬೀಸುವ ಅಲಗಿಗೆ ಕಡಿಮೆ. ಒಂದು ಮಗ್ಗುಲು ಮೇಲೇಳುತ್ತದೆ, ಇನ್ನೊಂದು ಕುಸಿಯುತ್ತದೆ. ಅಲಗಿನ ಬುಡಕ್ಕೆ ಕೀಲು ಕೂರಿಸಿ ಅದು ಸ್ವತಂತ್ರವಾಗಿ ಮೇಲೆ ಕೆಳಗೆ ಆಡುವಂತೆ ಮಾಡಿದಾಗ ಸಮಸ್ಯೆ ಬಗೆಹರಿಯಿತು. 1923ರ ಜನವರಿಯಲ್ಲಿ ಮ್ಯಾಡ್ರಿಡ್ ಪಕ್ಕದ ಗೆಟಾಫೆಯಲ್ಲಿ ಅವನ ಸಿ.4 ಯಂತ್ರ ಹಾರಿತು. ಇಂದಿನ ಹೆಲಿಕಾಪ್ಟರುಗಳೂ ಆ ಕೀಲಿನ ಋಣದಲ್ಲಿವೆ. 1936ರ ಡಿಸೆಂಬರಿನಲ್ಲಿ ಸಿಯೆರ್ವಾ ಸತ್ತದ್ದು ಮಾಮೂಲಿ ಪ್ರಯಾಣಿಕ ವಿಮಾನವೊಂದು ಲಂಡನ್ನಿನ ಕ್ರಾಯ್ಡನ್‌ನಲ್ಲಿ ಮಂಜಿನೊಳಗೆ ಮೇಲೇರಲಾಗದೆ ಅಪ್ಪಳಿಸಿದಾಗ.

ಮರುಭೂಮಿಯ ಗಾಳಿ ಸಣ್ಣ ವಿಮಾನಗಳ ಪಾಲಿಗೆ ಹಿಂಸೆ. ಹೊತ್ತು ಏರಿದ ಹಾಗೆ ಕಾದ ನೆಲದಿಂದ ಬಿಸಿಗಾಳಿಯ ಕಂಬಗಳು ಏಳುತ್ತವೆ, ಅವುಗಳ ನಡುವೆ ತಂಪುಗಾಳಿ ಇಳಿಯುತ್ತದೆ. ವಿಚಿತ್ರವೆಂದರೆ ತೆರೆದ ಮೈಯ, ಆಟಿಕೆಯಂತೆ ಕಾಣುವ ಜೈರೋಪ್ಲೇನ್ ಈ ಕುಲುಕಾಟವನ್ನು ರೆಕ್ಕೆಯ ವಿಮಾನಕ್ಕಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಲೆಕ್ಕ ಸರಳ. ಸೆಕೆಂಡಿಗೆ 40 ಮೀಟರ್ ವೇಗದಲ್ಲಿ ಹೋಗುವ ರೆಕ್ಕೆಗೆ ಕೆಳಗಿನಿಂದ 5 ಮೀಟರ್ ವೇಗದ ಗಾಳಿ ಹೊಡೆದರೆ ಗಾಳಿ ಬಂದು ತಾಗುವ ಕೋನ ಒಮ್ಮೆಲೇ 7 ಡಿಗ್ರಿಯಷ್ಟು ಬದಲಾಗುತ್ತದೆ. ಅದು ಭಾರೀ ಏಟು. ಜೈರೋಪ್ಲೇನಿನ ಅಲಗು ನಿಮಿಷಕ್ಕೆ 350ರಿಂದ 400 ಸುತ್ತು ಹಾಕುತ್ತಾ ಸೆಕೆಂಡಿಗೆ 110 ಮೀಟರಿನ ಆಸುಪಾಸಿನಲ್ಲಿ ಗಾಳಿಯನ್ನು ಸೀಳುತ್ತಿರುತ್ತದೆ. ಅದೇ ಏಟು ಅದಕ್ಕೆ ತಗಲುವುದು ಎರಡೂವರೆ ಡಿಗ್ರಿಯಷ್ಟೇ. ಇಷ್ಟಾದರೂ ಒಂದು ಗಂಡಾಂತರ ಉಳಿದೇ ಇದೆ: ಪೈಲಟ್ ಮೂತಿಯನ್ನು ಥಟ್ಟನೆ ಕೆಳಕ್ಕೆ ಒತ್ತಿ ರೋಟರಿನ ಮೇಲಿನ ಭಾರ ಇಳಿಸಿಬಿಟ್ಟರೆ ಕೆಳಗಿನಿಂದ ತೂರುವ ಗಾಳಿ ನಿಲ್ಲುತ್ತದೆ, ಅಲಗುಗಳ ಸುತ್ತು ಇಳಿಯುತ್ತದೆ. ಅಲ್ಲಿಂದ ಮುಂದೆ ಕೈಗೆ ಸಿಗುವುದು ಕಷ್ಟ. ಬಿಸಿಲಲ್ಲಿ ಹಾರುವವರಿಗೆ ಗುರುಗಳು ಹೇಳಿಕೊಡುವ ಮೊದಲ ಪಾಠ, ಯಂತ್ರವನ್ನು ನಡೆಸುವ ಕೋಲನ್ನು ಮುಂದಕ್ಕೆ ತಳ್ಳುವ ಆತುರ ಬೇಡ ಎನ್ನುವುದು.

ಬಿಸಿಗಾಳಿ ತೆಳು ಕೂಡ. 15 ಡಿಗ್ರಿ ಗಾಳಿಗೆ ಹೋಲಿಸಿದರೆ 45 ಡಿಗ್ರಿಯ ಗಾಳಿಯ ಸಾಂದ್ರತೆ ಸುಮಾರು ಶೇ. 9ರಷ್ಟು ಕಡಿಮೆ, ಸಮುದ್ರಮಟ್ಟದಲ್ಲಿ ನಿಂತ ಯಂತ್ರವೂ ಸಾವಿರ ಮೀಟರ್ ಎತ್ತರದಲ್ಲಿರುವಂತೆ ಒದ್ದಾಡುತ್ತದೆ. ರೋಟರು ಇದಕ್ಕೆ ತಾನೇ ಪರಿಹಾರ ಹುಡುಕಿಕೊಳ್ಳುತ್ತದೆ. ಗಾಳಿ ತೆಳುವಾದರೆ ಯಾರೂ ಮುಟ್ಟದಿದ್ದರೂ ಇನ್ನೊಂದಿಷ್ಟು ಜೋರಾಗಿ ಸುತ್ತುತ್ತದೆ. ಈ ಗುಣ ನನಗೆ ತುಂಬಾ ಇಷ್ಟ. ಆದರೆ ಎಂಜಿನ್ನಿಗೂ ಪ್ರೊಪೆಲರಿಗೂ ಅಂಥ ಜಾಣತನ ಇಲ್ಲ. ಟರ್ಬೊ ಇಲ್ಲದ ಎಂಜಿನ್ ತೆಳುಗಾಳಿಯಲ್ಲಿ ಬಡವಾಗುತ್ತದೆ. ಮೇಲೇರುವ ಹೊತ್ತಿಗೆ ಬೇಕಾಗುವುದು ಆ ಎಂಜಿನ್ನೇ.

ಜೈರೋಪ್ಲೇನ್ ಬಗ್ಗೆ ಉತ್ಸಾಹದಿಂದ ಬರೆಯುವವರು ಅದು ಎಲ್ಲಿ ಬೇಕಾದರೂ ಇಳಿಯುತ್ತದೆ ಎನ್ನುತ್ತಾರೆ. ಸುಳ್ಳಲ್ಲ. ಎಂಜಿನ್ ನಿಂತರೂ ರೋಟರ್ ಸುತ್ತುತ್ತಲೇ ಇರುತ್ತದೆ. ನೆಲದ ಹತ್ತಿರ ಬಂದು ಮೂತಿ ಎತ್ತಿದರೆ ಆ ಸುತ್ತಿನಲ್ಲಿ ಕೂಡಿಟ್ಟ ಶಕ್ತಿಯೇ ಬ್ರೇಕಿನ ಕೆಲಸ ಮಾಡಿ, ಹತ್ತಿಪ್ಪತ್ತು ಮೀಟರಿನೊಳಗೆ ಯಂತ್ರ ನಿಲ್ಲುತ್ತದೆ. ಆದರೆ ಎಂಜಿನ್ ಇಲ್ಲದೆ ತೇಲುವ ಶಕ್ತಿ ಕಮ್ಮಿ. 300 ಮೀಟರ್ ಎತ್ತರದಿಂದ ಸುಮಾರು 1,200 ಮೀಟರ್ ಮುಂದೆ ಹೋದರೆ ಹೆಚ್ಚು. ಹಾಗಾಗಿ ಸಿಂಪ್ಸನ್ ಮೇಲೆ ಹಾರುವಾಗ ಕಣ್ಣು ಸದಾ ದಿಬ್ಬಗಳ ನಡುವಿನ ಕಣಿವೆಗಳ ಮೇಲಿರಬೇಕು. ಅವು ಉದ್ದಕ್ಕೆ ಸಮತಟ್ಟಾಗಿವೆ, ದಿಬ್ಬದ ಜೊತೆ ಜೊತೆಗೇ ಸಾಗುತ್ತವೆ. ಇಳಿಯಲು ದೇವರು ಕೊಟ್ಟ ಪಟ್ಟಿ.

ಏರಲು? ನಿಂತ ರೋಟರಿಗೆ ಮೊದಲು ವೇಗ ಬರಿಸಬೇಕು. ನೆಲದ ಮೇಲಿರುವಾಗ ಎಂಜಿನ್ನಿನಿಂದ ತಾತ್ಕಾಲಿಕವಾಗಿ ಶಕ್ತಿ ಪಡೆದು ರೋಟರನ್ನು ನಿಮಿಷಕ್ಕೆ 200 ಸುತ್ತಿನ ಸುಮಾರಿಗೆ ತರುತ್ತಾರೆ. ಉಳಿದದ್ದನ್ನು ಓಡುತ್ತಾ ಎದುರುಗಾಳಿಯಿಂದ ಗಳಿಸಬೇಕು. ಗಟ್ಟಿನೆಲದಲ್ಲಿ, ತಂಪು ಹೊತ್ತಿನಲ್ಲಿ ನೂರು ಮೀಟರ್ ಸಾಕಾಗಬಹುದು. ಮೆತ್ತನೆ ಮರಳಿನಲ್ಲಿ ಪುಟ್ಟ ಚಕ್ರಗಳು ಹೂತು, ಓಟವೇ ಸಿಗುವುದಿಲ್ಲ. ಸ್ಪಿನಿಫೆಕ್ಸ್ ಹುಲ್ಲಿನ ಮುಳ್ಳುಗುಪ್ಪೆಗಳು ಬೇರೆ. ಬರ್ಡ್ಸ್‌ವಿಲ್ ಆಸುಪಾಸಿನ ಕಲ್ಲುಹಾಸಿನ ಬಯಲಿನಲ್ಲಿ ನೆಲವೇನೋ ಗಟ್ಟಿ, ಆದರೆ ಚಕ್ರ ಚಿಮ್ಮಿಸಿದ ಕಲ್ಲು ನೇರ ಹೋಗಿ ಹಿಂದಿನ ಪ್ರೊಪೆಲರಿಗೆ ಬಡಿಯುತ್ತದೆ. ಪ್ರೊಪೆಲರ್ ಹಿಂದಿರುವುದರಿಂದ ಪೈಲಟ್ಟಿಗೆ ಮುಂದಿನ ನೋಟ ಚೆನ್ನ. ಅದಕ್ಕೆ ತೆರುವ ಬೆಲೆ ಇದು.

ಇಳಿದು ಏಳಲಾಗದೆ ಹೋಗುವುದು ಎಂದರೇನು ಎಂಬುದಕ್ಕೆ ಆಸ್ಟ್ರೇಲಿಯಾದಲ್ಲಿ ಒಂದು ಕಥೆ ಎಲ್ಲರಿಗೂ ಗೊತ್ತು. ಅದು ಜೈರೋಪ್ಲೇನಿನದಲ್ಲ. 1929ರಲ್ಲಿ ಚಾರ್ಲ್ಸ್ ಕಿಂಗ್ಸ್‌ಫರ್ಡ್ ಸ್ಮಿತ್ ಎಂಬ ಹೆಸರಾಂತ ವಿಮಾನಿ ಕಾಣೆಯಾದಾಗ ಅವನನ್ನು ಹುಡುಕಲು ಕೀತ್ ಆಂಡರ್ಸನ್ ಮತ್ತು ಬಾಬ್ ಹಿಚ್‌ಕಾಕ್ 'ಕೂಕಬರಾ' ಎಂಬ ಪುಟ್ಟ ವಿಮಾನದಲ್ಲಿ ಹೊರಟರು. ಏಪ್ರಿಲ್ 10ರಂದು ಎಂಜಿನ್ ಕೈಕೊಟ್ಟು ತನಾಮಿ ಮರುಭೂಮಿಯಲ್ಲಿ ಇಳಿಯಬೇಕಾಯಿತು. ಇಳಿದದ್ದು ಕ್ಷೇಮವಾಗಿಯೇ. ಎಂಜಿನ್ನನ್ನು ರಿಪೇರಿಯೂ ಮಾಡಿಕೊಂಡರು. ಆದರೆ ಪೊದೆ, ಮರಳಿನ ಆ ನೆಲದಿಂದ ಮೇಲೇಳಲು ಓಟ ಸಿಗಲಿಲ್ಲ. ಪೊದೆ ಕಡಿದು, ಬೆಂಕಿ ಹಚ್ಚಿ ಹಾದಿ ಮಾಡಲು ನೋಡಿದರು. ಜೊತೆಗಿದ್ದ ನೀರು ಅತ್ಯಲ್ಪ. ಆಂಡರ್ಸನ್ ವಿಮಾನದ ಬಾಲದ ಬಟ್ಟೆಯ ಮೇಲೆ ದಿನಚರಿ ಬರೆಯುತ್ತಾ ಹೋದ. 21ರಂದು ಇನ್ನೊಂದು ವಿಮಾನ ಕೂಕಬರಾವನ್ನು ಮೇಲಿನಿಂದ ಪತ್ತೆ ಮಾಡುವಷ್ಟರಲ್ಲಿ ಇಬ್ಬರೂ ಬಾಯಾರಿಕೆಯಿಂದ ಸತ್ತಿದ್ದರು. ಅವರು ಹುಡುಕಲು ಹೊರಟಿದ್ದ ಕಿಂಗ್ಸ್‌ಫರ್ಡ್ ಸ್ಮಿತ್ ಅಷ್ಟರಲ್ಲಿ ಜೀವಂತ ಸಿಕ್ಕಿದ್ದ.

ಜೈರೋಪ್ಲೇನಿನ ಇತಿಹಾಸದಲ್ಲೂ ಇದೇ ದೌರ್ಬಲ್ಯ ಬೇಗನೆ ಬಯಲಾಯಿತು. 1931ರಲ್ಲಿ ಅಮೆರಿಕದ ವಿಮಾನಿ ಅಮೇಲಿಯಾ ಇಯರ್‌ಹಾರ್ಟ್ ಪಿಟ್‌ಕೇರ್ನ್ ಕಂಪನಿಯ ಆಟೊಜೈರೊದಲ್ಲಿ (ಜೈರೋಪ್ಲೇನಿನ ಇನ್ನೊಂದು ಹೆಸರು) ಖಂಡ ದಾಟಿದರು. ಪಶ್ಚಿಮದ ಒಣನಾಡು ದಾಟಿ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ತಲುಪಿದರೆ, ಜಾನಿ ಮಿಲ್ಲರ್ ಎಂಬ ಪೈಲಟ್ ಅದೇ ಮಾದರಿಯ ಯಂತ್ರದಲ್ಲಿ ಮೇ 28ಕ್ಕೇ ಸ್ಯಾನ್ ಡಿಯಾಗೊದಲ್ಲಿ ಇಳಿದಿದ್ದ ಸುದ್ದಿ ಕಾದಿತ್ತು. ಮರಳುವ ದಾರಿಯಲ್ಲಿ ಟೆಕ್ಸಸ್ಸಿನ ಅಬಿಲೀನ್‌ನಲ್ಲಿ ಇಯರ್‌ಹಾರ್ಟ್ ಯಂತ್ರ ನುಚ್ಚುನೂರಾಯಿತು, ಮೇಲೇರುವಾಗಲೇ. ಸುಳಿಗಾಳಿ ಹೊಡೆಯಿತೆಂದು ಅವರು ಹೇಳಿದರು. ಸರ್ಕಾರ ಅಜಾಗರೂಕತೆ ಎಂದು ಛೀಮಾರಿ ಹಾಕಿತು. ಒಣ ಬಯಲಿನಲ್ಲಿ ಮಧ್ಯಾಹ್ನ ಏಳುವ ಧೂಳಿನ ಸುಳಿ, ನಿಧಾನವೇಗದಲ್ಲಿ ನೆಲ ಬಿಟ್ಟಷ್ಟೇ ಆಗಿರುವ ಯಂತ್ರಕ್ಕೆ ಏನು ಮಾಡಬಲ್ಲದು ಎಂದು ಗೊತ್ತಿದ್ದರೆ ಅವರ ಮಾತನ್ನು ತಳ್ಳಿಹಾಕಲು ಮನಸ್ಸು ಬರುವುದಿಲ್ಲ.

ಈಚಿನ ಯಂತ್ರಗಳು ಮಾತ್ರ ಬಹಳ ಗಟ್ಟಿ. ಉತ್ತರ ಐರ್ಲೆಂಡಿನ ನಾರ್ಮನ್ ಸರ್ಪ್ಲಸ್ ಕ್ಯಾನ್ಸರಿನಿಂದ ಚೇತರಿಸಿಕೊಂಡು, 2010ರ ಮಾರ್ಚಿನಲ್ಲಿ ತೆರೆದ ಜೈರೋಪ್ಲೇನಿನಲ್ಲಿ ಭೂಮಿ ಸುತ್ತಲು ಹೊರಟ. ಈಜಿಪ್ಟ್, ಸೌದಿ ಅರೇಬಿಯಾದ ಮರುಭೂಮಿಗಳನ್ನು ದಾಟಿ ಭಾರತದ ಮೇಲೂ ಹಾದುಹೋದ. ಥಾಯ್ಲೆಂಡಿನಲ್ಲಿ ಯಂತ್ರ ಕೆರೆಗೆ ಬಿತ್ತು; ರಿಪೇರಿಯಾಗಿ ಜಪಾನಿಗೆ ಹೋಯಿತು. ಮುಂದೆ ವರ್ಷಗಟ್ಟಲೆ ತಡೆದದ್ದು ಮರಳಲ್ಲ, ಕಡಲಲ್ಲ, ರಷ್ಯಾದ ಅನುಮತಿಪತ್ರ. ಕೊನೆಗೆ 2019ರ ಜೂನ್‌ನಲ್ಲಿ ಸರ್ಪ್ಲಸ್ ತನ್ನ ಸುತ್ತು ಮುಗಿಸಿದ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸುತ್ತು ಮುಗಿಸಿದ ಬ್ರಿಟನ್ನಿನ ಜೇಮ್ಸ್ ಕೆಚೆಲ್ ಜೈರೋಪ್ಲೇನಿನಲ್ಲಿ ಭೂಮಿ ಸುತ್ತಿದ ಮೊದಲಿಗನೆಂಬ ಗಿನ್ನೆಸ್ ದಾಖಲೆ ಪಡೆದ. ಆಸ್ಟ್ರೇಲಿಯಾದ ಒಳನಾಡಿನಲ್ಲಂತೂ ಇದು ಸಾಹಸದ ವಸ್ತುವೇ ಅಲ್ಲ. ಸಾವಿರಾರು ಚದರ ಕಿಲೋಮೀಟರಿನ ದನದ ಹಿಡುವಳಿಗಳಲ್ಲಿ ಹೆಲಿಕಾಪ್ಟರಿಗಿಂತ ಅಗ್ಗವೆಂದು ದನ ಅಟ್ಟಲು ಇದನ್ನು ಬಳಸುತ್ತಾರೆ.

ಈಗ ಸಿಂಪ್ಸನ್ನಿನ ಲೆಕ್ಕಕ್ಕೆ ಬರೋಣ. ಗಂಟೆಗೆ 130 ಕಿಲೋಮೀಟರ್ ವೇಗ, ಗಂಟೆಗೆ 18 ಲೀಟರ್ ಪೆಟ್ರೋಲ್ ಎಂದಿಟ್ಟುಕೊಂಡರೆ 410 ಕಿಲೋಮೀಟರಿಗೆ 57 ಲೀಟರ್. ಮಾಮೂಲಿ ಟ್ಯಾಂಕು 70 ಲೀಟರಿನ ಆಸುಪಾಸು, ಸಾಕು ಅನ್ನಿಸುತ್ತದೆ. ಗಂಟೆಗೆ 30 ಕಿಲೋಮೀಟರಿನ ಎದುರುಗಾಳಿ ಬೀಸಲಿ, ಬೇಕಾಗುವುದು 74 ಲೀಟರ್. ನಡುವೆ ಬಂಕ್ ಇಲ್ಲ. ಪೆಟ್ರೋಲ್ ಸಿಗುವ ಊರಲ್ಲೂ ಒಂದು ತೊಡಕು: ಮಧ್ಯ ಆಸ್ಟ್ರೇಲಿಯಾದ ಅನೇಕ ಮೂಲನಿವಾಸಿ ಊರುಗಳಲ್ಲಿ ಪೆಟ್ರೋಲ್ ಮೂಸುವ ಚಟ ತಡೆಯಲು 2005ರಲ್ಲಿ ಓಪಲ್ ಎಂಬ ಹೆಸರಿನಲ್ಲಿ ಬಂದ ಬೇರೆ ಬಗೆಯ ಇಂಧನ ಮಾರುತ್ತಾರೆ. ಸಾಮಾಜಿಕವಾಗಿ ಒಳ್ಳೆಯ ಕ್ರಮ. ಆದರೆ ಅದರ ಆಕ್ಟೇನ್, ಅಂದರೆ ಎಂಜಿನ್ನಿನ ಒತ್ತಡದಲ್ಲಿ ಹೊತ್ತಿಗೆ ಮುಂಚೆ ಹೊತ್ತಿಕೊಳ್ಳದ ಗುಣದ ಅಂಕ, 91. ಜೈರೋಪ್ಲೇನುಗಳ 100 ಅಶ್ವಶಕ್ತಿಯ ರೊಟಾಕ್ಸ್ ಎಂಜಿನ್ ಕೇಳುವುದು ಕನಿಷ್ಠ 95. ಹಾಗಾಗಿ ಹೊರಡುವ ಮೊದಲೇ ಎಲ್ಲೆಲ್ಲಿ ಯಾವ ಇಂಧನ ಎಂದು ಫೋನು ಮಾಡಿ ಖಚಿತಪಡಿಸಿಕೊಳ್ಳಬೇಕು.

ಈ ಮರಳಿನ ನಡುವೆ ವಾಂಗ್‌ಕಂಗುರು ಜನ ತಲೆತಲಾಂತರ ಬದುಕಿದ್ದರು. ದಿಬ್ಬಗಳ ನಡುವೆ ಆಳಕ್ಕೆ ತೋಡಿದ ಮಿಕಿರಿ ಎಂಬ ಬಾವಿಗಳೇ ಅವರ ನಕಾಶೆ. ಒಂದು ಬಾವಿಯಿಂದ ಮುಂದಿನದಕ್ಕೆ ಎಷ್ಟು ನಡಿಗೆ ಎಂಬುದರ ಮೇಲೆ ಇಡೀ ಬದುಕು ನಿಂತಿತ್ತು. ಹಾರುವವನಿಗೆ ಅಂಥ ಬಾವಿಗಳಿಲ್ಲ, ಎಲ್ಲವನ್ನೂ ಹೊತ್ತೇ ಹೋಗಬೇಕು. ತುರ್ತು ಬೀಕನ್ ಒತ್ತಿದರೆ ಉಪಗ್ರಹಕ್ಕೆ ಸುದ್ದಿ ತಲುಪುವುದು ಬೇಗ. ಆದರೆ ಹಾಳಾದ ಯಂತ್ರವನ್ನು ಸರಿಮಾಡಿಕೊಂಡು ಹೊರಡಲು ಬಿಡಿಭಾಗ, ಇಂಧನ ಬರುವುದು ನೆಲದ ಮೇಲಿನ ಜೀಪಿನಲ್ಲೇ, ದಿಬ್ಬ ಹತ್ತಿ ಇಳಿಯುತ್ತಾ, ಎರಡು ಮೂರು ದಿನಕ್ಕೆ. ಬಿಸಿಲಲ್ಲಿ ಒಬ್ಬನಿಗೆ ದಿನಕ್ಕೆ ಆರೇಳು ಲೀಟರ್ ನೀರಾದರೂ ಬೇಕು. ಮೂರು ದಿನಕ್ಕೆ 20 ಲೀಟರ್, ಅಂದರೆ 20 ಕಿಲೋ. ಅಷ್ಟೇ ತೂಕದ ಪೆಟ್ರೋಲ್ 27 ಲೀಟರ್ ಆಗುತ್ತದೆ, ಒಂದೂವರೆ ಗಂಟೆಯ ಹಾರಾಟ, ಸುಮಾರು 195 ಕಿಲೋಮೀಟರ್. ತೂಕ ಹೆಚ್ಚಾದಷ್ಟೂ ಮೇಲೇರುವ ಓಟವೂ ಉದ್ದವಾಗುತ್ತದೆ, ಎರಡನ್ನೂ ಮನಸ್ಸಿಗೆ ಬಂದಷ್ಟು ತುಂಬುವ ಹಾಗಿಲ್ಲ. ನನ್ನನ್ನು ಕೇಳಿದರೆ ಸಹಪ್ರಯಾಣಿಕನನ್ನು ಜೀಪಿನಲ್ಲಿ ಕಳಿಸಿ, ಅವನ ಆಸನದಲ್ಲಿ ನೀರಿನ ಕ್ಯಾನು, ಹೆಚ್ಚುವರಿ ಟ್ಯಾಂಕು ಎರಡನ್ನೂ ಕಟ್ಟಿಕೊಂಡು, ಚಳಿಗಾಲದ ಒಂದು ಬೆಳಿಗ್ಗೆ ಸೂರ್ಯ ಹುಟ್ಟಿದೊಡನೆ ಬರ್ಡ್ಸ್‌ವಿಲ್ ಬಿಡುವುದೇ ಸರಿ. ಮೂರು ಗಂಟೆ ಚಿಲ್ಲರೆಯಲ್ಲಿ ಮೌಂಟ್ ಡೇರ್ ಸಿಕ್ಕಿಬಿಡುತ್ತದೆ, ಬಿಸಿಗಾಳಿಯ ಕಂಬಗಳು ಎದ್ದು ನಿಲ್ಲುವ ಮುಂಚೆ.