ನಲವತ್ತು ನಿಮಿಷದ ಡ್ರಿಪ್, ಆಮೇಲಿನ ತಿಂಗಳುಗಳು

"ಆರು ತಿಂಗಳಿಂದ ಗುಳಿಗಿ ನುಂಗಾಕತ್ತೀನ್ರಿ ಸರ, ಏನೂ ಫರಕ್ ಇಲ್ಲ." ಬಳ್ಳಾರಿಯ ನನ್ನ ಮನೋವೈದ್ಯ ಒಪಿಡಿಯಲ್ಲಿ ಖಿನ್ನತೆಯ ರೋಗಿಗಳಿಂದ ಈ ಮಾತು ಆಗಾಗ ಕೇಳುತ್ತೇನೆ. ಕೂಡಲೇ ಹೊಸ ಔಷಧಿ ಬರೆಯುವುದಿಲ್ಲ. ಮಾತ್ರೆಯ ಶೀಟ್ ತೋರಿಸಿ ಅನ್ನುತ್ತೇನೆ. ಎಷ್ಟೋ ಸಲ ಅರ್ಧ ಹಾಗೇ ಉಳಿದಿರುತ್ತದೆ. ಹೊಟ್ಟೆ ತೊಳಸಿತು ಅಂತ ಬಿಟ್ಟಿರುತ್ತಾರೆ, ಇಲ್ಲವೇ ಮೆಣಸಿನಕಾಯಿ ಬಿಡಿಸುವ ಗಡಿಬಿಡಿಯಲ್ಲಿ ಮರೆತಿರುತ್ತಾರೆ. ಥೈರಾಯ್ಡ್, ಕುಡಿತ ಇದೆಯಾ ಅಂತಲೂ ನೋಡಬೇಕು. ಎರಡು ಬೇರೆ ಬೇರೆ ಔಷಧಿಗಳನ್ನು ಸರಿಯಾದ ಡೋಸಿನಲ್ಲಿ, ಸಾಕಷ್ಟು ವಾರ ತೆಗೆದುಕೊಂಡೂ ಸುಧಾರಿಸದಿದ್ದರೆ ಮಾತ್ರ ಅದು ಔಷಧಿಗೆ ಬಗ್ಗದ ಖಿನ್ನತೆ.

ಅಂಥವರಲ್ಲಿ ಕೆಲವರಿಗೆ ನಾವು ಕೆಟಮಿನ್ ಕೊಡುತ್ತೇವೆ. ಇದು ಹೊಸದೇನಲ್ಲ. ಅಮೆರಿಕದಲ್ಲಿ 1970ರಲ್ಲೇ ಅರಿವಳಿಕೆಗೆ ಒಪ್ಪಿಗೆ ಸಿಕ್ಕಿತ್ತು. ಖಿನ್ನತೆಗೂ ಆಗುತ್ತದೆ ಎಂದು ತೋರಿಸಿದ ಮೊದಲ ಪುಟ್ಟ ಪ್ರಯೋಗ ಪ್ರಕಟವಾಗಿದ್ದು 2000ದಲ್ಲಿ. ಇದರ ತಮ್ಮನಂತಿರುವ ಎಸ್‌ಕೆಟಮಿನ್ ಮೂಗಿನ ಸ್ಪ್ರೇ 2019ರಲ್ಲಿ ಅಲ್ಲಿ ಬಂತು. ನಾವು ದಿನಾ ಬರೆಯುವ ಮಾತ್ರೆಗಳು ಹೆಚ್ಚಾಗಿ ಮೆದುಳಿನ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುತ್ತವೆ, ವಾರಗಟ್ಟಲೆ ಸಮಯ ಬೇಡುತ್ತವೆ. ಕೆಟಮಿನ್ ಹಿಡಿಯುವುದು ಗ್ಲುಟಮೇಟ್ ಎಂಬ ಇನ್ನೊಂದು ರಾಸಾಯನಿಕದ ದಾರಿ. ಹೊಂದಿಕೊಂಡವರಿಗೆ ಗಂಟೆಗಳಲ್ಲೇ ಹಗುರ ಅನಿಸುತ್ತದೆ.

ಜೀನ್ಸ್ ಹೊಲಿಯುವ ಹೆಂಗಸೊಬ್ಬರು ಬಂದಿದ್ದರು (ಗುರುತು ಬದಲಿಸಿದ್ದೇನೆ). ತೂಕ 50 ಕೆಜಿ. ಕೆಜಿಗೆ ಅರ್ಧ ಮಿಲಿಗ್ರಾಂ ಲೆಕ್ಕದಲ್ಲಿ 25 ಮಿಲಿಗ್ರಾಂ, 40 ನಿಮಿಷದ ಡ್ರಿಪ್. ಪಕ್ಕದಲ್ಲಿ ಅರಿವಳಿಕೆ ಡಾಕ್ಟರ್, ತೋಳಿಗೆ ಬಿಪಿ ಪಟ್ಟಿ. ಅರ್ಧದಲ್ಲಿ ಆಕೆ, "ಗ್ವಾಡಿ ದೂರ ಹೊಂಟೈತ್ರಿ ಸರ" ಎಂದರು. ಹಾಗಾಗುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಮರುದಿನ ಬೆಳಿಗ್ಗೆ ಅವರು ಹೇಳಿದ್ದು ಒಂದೇ ಮಾತು: "ಒಗ್ಗರಣಿ ಮಿರ್ಚಿ ತಿನ್ಬೇಕು ಅನಿಸಾಕತ್ತೈತಿ." ಗಂಡ ಆಸ್ಪತ್ರೆ ಎದುರಿನ ಗಾಡಿಗೆ ಓಡಿದರು.

ಎಂಟನೇ ದಿನ ಮತ್ತೆ ಗೋಡೆ ಕಡೆ ಮುಖ.

ಇದನ್ನು ಮೊದಲೇ ಹೇಳಿದ್ದೆ, ಆದರೂ ಗಂಡನಿಗೆ ದೊಡ್ಡ ಪೆಟ್ಟು. ಒಂದು ಡ್ರಿಪ್‌ನ ಗುಣ ಹೆಚ್ಚಾಗಿ ಕೆಲವು ದಿನ, ಜಾಸ್ತಿ ಅಂದರೆ ಒಂದೆರಡು ವಾರ. ಅದಕ್ಕೇ ಎರಡು-ಮೂರು ವಾರದಲ್ಲಿ ಆರರಷ್ಟು ಸಲ ಕೊಡುವುದು ರೂಢಿ. ಜೊತೆಗೆ ಮಾತ್ರೆ, ಕೌನ್ಸೆಲಿಂಗ್. ಹತೋಟಿಗೆ ಬಾರದ ಬಿಪಿ ಇರುವವರಿಗೆ, ಭ್ರಮೆ ಇರುವವರಿಗೆ ನಾನು ಕೊಡುವುದಿಲ್ಲ. ಚಟವಾಗುವ ಔಷಧಿ ಇದು, ದುರುಪಯೋಗ ಮುಂದುವರಿದರೆ ಮೂತ್ರಕೋಶ ಕೆಡುತ್ತದೆ. ಸುಮ್ನೆ ಮನೆಗೆ ಕೊಟ್ಟು ಕಳಿಸುವಂಥದ್ದಲ್ಲ.

ಅನ್ನ ನೀರು ಬಿಟ್ಟು ಮಲಗಿದವರಿಗೆ ನನ್ನ ಮೊದಲ ಆಯ್ಕೆ ಇವತ್ತಿಗೂ ಇಸಿಟಿ, ಅಂದರೆ ಮೆದುಳಿಗೆ ಸ್ವಲ್ಪ ಹೊತ್ತು ವಿದ್ಯುತ್ ಹಾಯಿಸುವ ಚಿಕಿತ್ಸೆ. "ಕರೆಂಟ್ ಕೊಡ್ತೀರಾ?" ಎಂದು ಹೆದರುತ್ತಾರೆ. ಅರಿವಳಿಕೆ ಇಲ್ಲದೆ ಅದನ್ನು ಕೊಡುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಸಾಯುವ ಯೋಚನೆ ಬರುತ್ತಿದ್ದರೆ ಯಾವ ಔಷಧಿ ಅಂತ ಕಾಯಬೇಡಿ, ಆಸ್ಪತ್ರೆಗೆ ಬನ್ನಿ. ರಾತ್ರಿಯಾದರೂ 14416ಕ್ಕೆ ಫೋನ್ ಮಾಡಬಹುದು, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ಆ ಹೆಂಗಸಿಗೆ ಆರು ಡ್ರಿಪ್ ಮುಗಿದವು. ಈಗ ತಿಂಗಳಿಗೊಮ್ಮೆ ಬರುತ್ತಾರೆ. ಕೇಳುವ ಮೊದಲೇ ಖಾಲಿ ಶೀಟ್ ತೆಗೆದು ಟೇಬಲ್ ಮೇಲಿಡುತ್ತಾರೆ.